ಹತ್ತಡಿ ಕೋಣೆಯಲ್ಲಿ ಕಳೆದುಹೋದ ಬೇಸ್

ಕಾಪುವಿನ ನಮ್ಮ ನೆಂಟರ ಹುಡುಗನೊಬ್ಬ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಬೇಸಿಗೆ ರಜೆಯಲ್ಲಿ ಮೂವರು ಗೆಳೆಯರನ್ನು ಕರೆತಂದು, ಮನೆಯ ಮಹಡಿಯ ಕೋಣೆಯಲ್ಲಿ ತಮ್ಮ ಮೊದಲ ರಾಕ್ ಹಾಡನ್ನು ರೆಕಾರ್ಡ್ ಮಾಡಿದ. ಇದ್ದದ್ದು ಒಂದು ಲ್ಯಾಪ್‌ಟಾಪ್, ಎರಡು ಮೈಕ್ ಸಿಕ್ಕಿಸಬಹುದಾದ ಪುಟ್ಟ ಇಂಟರ್‌ಫೇಸ್, ಸಣ್ಣದೊಂದು ಆಂಪ್, ಜೋಡಿ ಸ್ಪೀಕರ್. ಡ್ರಮ್ಸ್ ಕಂಪ್ಯೂಟರಿನದು. ವಾರವಿಡೀ ಕೂತು ಮಿಕ್ಸ್ ಮಾಡಿದ. ಕೋಣೆಯಲ್ಲಿ ಕೇಳುವಾಗ ಸೊಗಸಾಗಿತ್ತು. ಅದನ್ನೇ ಕಾರಿನಲ್ಲಿ ಹಾಕಿಕೊಂಡು ಉಡುಪಿಯ ಕಡೆ ಹೊರಟೆವು. ಕಟಪಾಡಿ ದಾಟುವಷ್ಟರಲ್ಲಿ ಹುಡುಗನ ಮುಖ ಬಾಡಿತ್ತು. ಬೇಸ್ ಗಿಟಾರು ಗುಂಯ್ಗುಟ್ಟುತ್ತ ಹಾಡನ್ನೆಲ್ಲ ನುಂಗಿತ್ತು, ಹಾಡುಗಾರನ ದನಿ ಬಾವಿಯೊಳಗಿಂದ ಬಂದಂತಿತ್ತು. ‘ಮೈಕ್ ಇನ್ನೂ ಒಳ್ಳೆಯದು ಬೇಕಿತ್ತು’ ಎಂದ.

ಮೈಕಿಗೇನೂ ಆಗಿರಲಿಲ್ಲ. ಅವನ ಕೈಲಿದ್ದ ಬಗೆಯ ಡೈನಮಿಕ್ ಮೈಕು, 1965ರಲ್ಲಿ ಬಂದ ಶೂರ್ ಎಸ್ಎಂ57ರ ಜಾತಿಯದು, ಇವತ್ತಿಗೂ ದೊಡ್ಡ ಸ್ಟುಡಿಯೋಗಳಲ್ಲಿ ಗಿಟಾರ್ ಆಂಪಿನ ಮುಂದೆ ನಿಲ್ಲುತ್ತದೆ. ಮೊದಲ ಸಲ ಮನೆಯಲ್ಲಿ ರೆಕಾರ್ಡ್ ಮಾಡುವವರು ದುಡ್ಡು ಕೂಡಿಟ್ಟು ಯಂತ್ರ ಕೊಳ್ಳುತ್ತಾರೆ. ಆದರೆ ಎಲ್ಲಕ್ಕಿಂತ ದೊಡ್ಡ ಯಂತ್ರದೊಳಗೆ ತಾವು ಆಗಲೇ ಕೂತಿದ್ದೇವೆ ಎನ್ನುವುದು ಅವರಿಗೆ ಹೊಳೆಯುವುದಿಲ್ಲ. ಆ ಯಂತ್ರ ಕೋಣೆ.

ಹುಡುಗನ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ. ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಒಂದು ಗೋಡೆಯಿಂದ ಹೊರಟು ಎದುರಿನ ಗೋಡೆಗೆ ಬಡಿದು ಮರಳಲು ಅದಕ್ಕೆ 6.1 ಮೀಟರ್ ದಾರಿ. ಭಾಗಿಸಿ ನೋಡಿ, ಸೆಕೆಂಡಿಗೆ 57 ಸಲ ಹೋಗಿ ಬಂದಂತಾಯಿತು. 57 ಹರ್ಟ್ಜ್ ಆ ಕೋಣೆಯ ಸ್ವಂತ ಸ್ವರ. ಬೇಸ್ ಗಿಟಾರಿನ ಎ ತಂತಿಯನ್ನು ಹಾಗೇ ಮೀಟಿದರೆ ಬರುವುದು 55 ಹರ್ಟ್ಜ್. ಅವರ ಹಾಡು ಇದ್ದದ್ದೂ ಎ ಶ್ರುತಿಯಲ್ಲೇ.

ಬಚ್ಚಲ ಹಂಡೆಯಲ್ಲಿ ನೀರು ತುಂಬಿ ಒಮ್ಮೆ ಅಲುಗಿಸಿದರೆ ಏನಾಗುತ್ತದೆ? ಅಂಚಿನಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ನಟ್ಟನಡುವಿನ ನೀರಿನ ಮಟ್ಟ ಮಾತ್ರ ಅಲ್ಲಾಡುವುದಿಲ್ಲ. ಕೋಣೆಯೊಳಗಿನ ಗಾಳಿಯ ಒತ್ತಡವೂ ಹೀಗೇ. ತನ್ನ ಸ್ವಂತ ಸ್ವರ ಬಂದಾಗ ಗೋಡೆಗಳ ಬಳಿ ಅದು ಏರಿಳಿದು ಅಬ್ಬರಿಸುತ್ತದೆ, ನಡುವಿನಲ್ಲಿ ಸತ್ತಂತಿರುತ್ತದೆ. ನಮ್ಮ ಹುಡುಗ ಮೇಜು ಕುರ್ಚಿ ಹಾಕಿಕೊಂಡದ್ದು ಕೋಣೆಯ ನಟ್ಟನಡುವೆ. ಬೇಸ್ ಕಿವಿಗೆ ಬೀಳಲಿಲ್ಲ, ಏರಿಸಿದ. ಇನ್ನೂ ಬೀಳಲಿಲ್ಲ, ಮತ್ತೆ ಏರಿಸಿದ. ಅವನು ತುಂಬಿದ್ದು ಕೋಣೆಯ ಹಳ್ಳವನ್ನು. ಕಾರಿನೊಳಗೆ ಆ ಹಳ್ಳ ಇರಲಿಲ್ಲ, ತುಂಬಿದ ಮಣ್ಣು ಮಾತ್ರ ಗುಡ್ಡವಾಗಿ ಕಂಡಿತು.

ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ ಕೋಣೆ ಸಂಗೀತಕ್ಕೆ ಬಹಳ ಕೆಟ್ಟದ್ದು, ಮೂರು ದಿಕ್ಕಿನ ಗುಂಯ್ಗಾಟವೂ ಒಂದೇ ಸ್ವರದ ಮೇಲೆ ಬಂದು ಕೂರುತ್ತದೆ. ಈ ದೃಷ್ಟಿಯಲ್ಲಿ ನಮ್ಮ ಅಜ್ಜಂದಿರ ಹೆಂಚಿನ ಮನೆಯೇ ವಾಸಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಎದ್ದ ಇಳಿಜಾರು ಮಾಡು ನೆಲಕ್ಕೆ ಸಮಾನಾಂತರವಲ್ಲ. ಸದ್ದು ಬಡಿದು ಬೇರೆ ಬೇರೆ ದಿಕ್ಕಿಗೆ ಚದುರುತ್ತದೆ, ಹೆಂಚಿನ ಸಂದಿನಲ್ಲಿ ಒಂದಷ್ಟು ಹೊರಗೂ ಹೋಗುತ್ತದೆ. ಜೂನ್ ತಿಂಗಳಿನಲ್ಲಿ ಅದೇ ಮಾಡಿನ ಕೆಳಗೆ ಪಿಸುಮಾತನ್ನೂ ರೆಕಾರ್ಡ್ ಮಾಡಲಾಗದು, ಅದು ಬೇರೆ ಮಾತು.

ಹಾಡುಗಾರನ ದನಿ ಬಾವಿಯೊಳಗಿಂದ ಬಂದಂತಾಗಲು ಕಾರಣ ಇನ್ನೊಂದು. ಗಾರೆ ಬಳಿದ ಬೋಳು ಗೋಡೆ, ನುಣುಪು ಟೈಲ್ಸ್. ಚಪ್ಪಾಳೆ ತಟ್ಟಿದರೆ ಝಣ್ ಎಂದು ನಡುಗುವ ಮಾರ್ದನಿ. ಈ ಕಾಯಿಲೆಗೆ ಮೊದಲು ಲೆಕ್ಕ ಕಟ್ಟಿದವರು ಅಮೆರಿಕದ ವ್ಯಾಲೇಸ್ ಸಬಿನ್. 1895ರಲ್ಲಿ ಹಾರ್ವರ್ಡಿನ ಫಾಗ್ ಉಪನ್ಯಾಸ ಭವನದಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗಾಳಿಯಲ್ಲೇ ಉಳಿಯುತ್ತಿತ್ತು. ಸಬಿನ್ ರಾತ್ರಿ ಹೊತ್ತು ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಆರ್ಗನ್ ಕೊಳವೆ ಊದಿ, ಸದ್ದು ಆರಲು ಹಿಡಿಯುವ ಕಾಲವನ್ನು ಗಡಿಯಾರ ಹಿಡಿದು ಅಳೆದರು. ಅವರ ಅಳತೆಗೋಲು ನನಗೆ ಬಲು ಇಷ್ಟ: ತೆರೆದ ಕಿಟಕಿ. ಹೊರಗೆ ಹೋದ ಸದ್ದು ಮರಳುವುದಿಲ್ಲವಲ್ಲ, ಹಾಗಾಗಿ ಅದು ಪೂರ್ಣ ಹೀರುಗ. ಮಿಕ್ಕೆಲ್ಲ ವಸ್ತುಗಳು ಎಷ್ಟು ಕಿಟಕಿಗೆ ಸಮ ಎಂದು ಅವರು ಲೆಕ್ಕ ಹಾಕಿದರು. ಕಾರ್ಕಳದ ಚತುರ್ಮುಖ ಬಸದಿಯ ಒಳಗೆ ನಿಂತಾಗಲೆಲ್ಲ ನನಗೆ ಸಬಿನ್ ನೆನಪಾಗುತ್ತಾರೆ. 1586ರ ಆ ಕಲ್ಲಿನ ಗೋಡೆ ಸದ್ದನ್ನು ಹೀರುವುದೇ ಇಲ್ಲ, ನಾಲ್ಕು ದಿಕ್ಕಿನ ನಾಲ್ಕು ಬಾಗಿಲು ಅದನ್ನು ಹೊರಗೆ ಬಿಡುತ್ತವೆ.

ಸಬಿನ್ ಸೂತ್ರದಲ್ಲಿ ಹುಡುಗನ ಕೋಣೆಯನ್ನು ಬೋಳು ಗೋಡೆಯದೆಂದು ಹಿಡಿದರೆ ಮಾರ್ದನಿ ಎರಡೂವರೆ ಸೆಕೆಂಡಿಗೂ ಮಿಕ್ಕಿ ಬರುತ್ತದೆ. ಮೂರು ಹತ್ತಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿದರೆ ಮುಕ್ಕಾಲು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ಹಾಗೇ ಮಾಡಿದೆವು. ಹಾಡುವವನ ಬೆನ್ನ ಹಿಂದೆ ಒಂದು, ಅಕ್ಕಪಕ್ಕ ಎರಡು. ಬೆನ್ನ ಹಿಂದಿನದೇ ಮುಖ್ಯ, ಏಕೆಂದರೆ ಮೈಕಿನ ಮುಖ ಇರುವುದು ಆ ಕಡೆಗೆ. ದನಿ ಕೂಡಲೇ ಹತ್ತಿರ ಬಂತು. ಬೇಸಿನ ಗುಂಯ್ಗಾಟಕ್ಕೆ ಮಾತ್ರ ಹಾಸಿಗೆ ಮದ್ದಲ್ಲ. ಆರು ಮೀಟರ್ ಉದ್ದದ ಅಲೆಗೆ ನಾಲ್ಕಿಂಚಿನ ಹತ್ತಿ ಲೆಕ್ಕಕ್ಕೇ ಇಲ್ಲ. ಅದಕ್ಕೆ ಕುರ್ಚಿಯನ್ನು ನಡುವಿನಿಂದ ಸರಿಸಬೇಕು. ಸ್ಟುಡಿಯೋದವರ ರೂಢಿಯ ಅಳತೆ ಕೋಣೆಯ ಉದ್ದದ ಶೇ. 38, ಅಂದರೆ ಎದುರಿನ ಗೋಡೆಯಿಂದ ನಾಲ್ಕಡಿಗೆ ತುಸು ಕಡಿಮೆ. ಒಂದಡಿಗೂ ಹೆಚ್ಚು ಮುಂದೆ ಸರಿದು ಕೂತ, ಕಳೆದುಹೋಗಿದ್ದ ಎ ಸ್ವರ ಸಿಕ್ಕಿತು.

ಬೇಸ್ ಹೆಚ್ಚಾದದ್ದರಲ್ಲಿ ಅವನ ರಾತ್ರಿಗಳದ್ದೂ ಒಂದು ಪಾಲಿತ್ತು. ಮನೆಯವರ ನಿದ್ದೆ ಕೆಡಬಾರದೆಂದು ಬಲು ಮೆಲ್ಲಗೆ ಹಾಕಿಕೊಂಡು ತಿದ್ದುತ್ತಿದ್ದ. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿ ತಗ್ಗು ಸ್ವರಗಳಿಗೆ ಕಿವುಡಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಮೆಲ್ಲಗೆ ಕೇಳುತ್ತ ಮಾಡಿದ ಮಿಕ್ಸಿನಲ್ಲಿ ಬೇಸ್ ಹೆಚ್ಚಾಗುತ್ತದೆ, ಜೋರಾಗಿ ಕೇಳುತ್ತ ಮಾಡಿದ್ದರಲ್ಲಿ ಸೊರಗುತ್ತದೆ. ಸಾಧಾರಣ ಮಾತಿನಷ್ಟು ಸದ್ದಿಗೆ ಗುಂಡಿಯನ್ನು ನಿಲ್ಲಿಸಿ, ಮತ್ತೆ ಮುಟ್ಟದಿರುವುದೇ ಒಳ್ಳೆಯದು.

ಹಾಡಿನ ಕೊನೆಗೆ ಚಂಡೆ ಬೇಕೆಂದು ಗೆಳೆಯರಲ್ಲೊಬ್ಬನ ಹಟ. ಅವನ ಊರು ಕಾರ್ಕಳದ ಹತ್ತಿರ. ಅಲ್ಲಿಯ ಅಂಗಳದಲ್ಲಿ, ಜೀರುಂಡೆ ಏಳುವ ಮೊದಲು, ಬೆಳಿಗ್ಗೆ ರೆಕಾರ್ಡ್ ಮಾಡಿದರು. ಗೋಡೆಗಳಿಲ್ಲದ್ದರಿಂದ ಮಾರ್ದನಿಯ ಕಾಟವೇ ಇರಲಿಲ್ಲ. ಮೊದಲ ಪ್ರಯತ್ನ ಮಾತ್ರ ಕೆಂಪು ದೀಪ ಹತ್ತಿ ಹಾಳಾಯಿತು. ಡಿಜಿಟಲ್ ರೆಕಾರ್ಡಿಂಗಿಗೆ ಮೇಲೊಂದು ಗಟ್ಟಿ ಛಾವಣಿ ಇದೆ. ಅದಕ್ಕೆ ತಾಗಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಆಮೇಲೆ ಯಾರೂ ಅಂಟಿಸಲಾರರು. 24 ಬಿಟ್ಟಿನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬಲ್ ಜಾಗವಿದೆ, ಛಾವಣಿಗಿಂತ 12 ಡೆಸಿಬಲ್ ಕೆಳಗೆ ನಿಂತರೆ ನಷ್ಟವೇನಿಲ್ಲ. ಎರಡನೆಯ ಸಲ ಎರಡು ಮೈಕ್ ಇಟ್ಟರು, ಒಂದಕ್ಕಿಂತ ಇನ್ನೊಂದು ಒಂದಡಿಯಷ್ಟು ಹಿಂದೆ. ಎರಡನ್ನೂ ಕೂಡಿಸಿದಾಗ ಚಂಡೆ ಡಬ್ಬದಂತಾಯಿತು. ಒಂದಡಿ ಚಿಲ್ಲರೆ ಹೆಚ್ಚು ನಡೆಯಲು ಸದ್ದಿಗೆ ಒಂದು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 500 ಹರ್ಟ್ಜಿನ ಅಲೆ ಅರ್ಧ ತಿರುಗಿರುತ್ತದೆ. ಒಂದು ಮೈಕಿನ ಏರು, ಇನ್ನೊಂದರ ಇಳಿತ, ಎರಡೂ ಸೇರಿ ಸೊನ್ನೆಯ ಹತ್ತಿರ. 1500ರಲ್ಲಿ, 2500ರಲ್ಲಿ ಮತ್ತೆ ಅದೇ ಗುಂಡಿ, ಬಾಚಣಿಗೆಯ ಹಲ್ಲಿನಂತೆ. ಒಂದು ಮೈಕನ್ನು ತೆಗೆದರು, ಚಂಡೆ ಚಂಡೆಯಾಯಿತು.

ಕೊನೆಗೆ ಉಳಿದದ್ದು ಗಿಟಾರು ಮತ್ತು ದನಿಯ ಜಗಳ. ಡಿಸ್ಟಾರ್ಷನ್ ಹಾಕಿದ ಗಿಟಾರಿನ ಉಪಸ್ವರಗಳು ಕೆಲವು ಸಾವಿರ ಹರ್ಟ್ಜಿನವರೆಗೂ ಹರಡುತ್ತವೆ. ಪದಗಳ ಸ್ಪಷ್ಟತೆ ಇರುವುದೂ ಎರಡು-ಮೂರು ಸಾವಿರದ ಆಸುಪಾಸಿನಲ್ಲೇ. ಒಂದೇ ಜಾಗದಲ್ಲಿ ಇಬ್ಬರು ನಿಂತರೆ ಕಿವಿಗೆ ಜೋರಿನವನೇ ಕೇಳುತ್ತಾನೆ. ಹುಡುಗ ದನಿಯನ್ನು ಏರಿಸುತ್ತಲೇ ಇದ್ದ. ನಾನು ಅವನಿಗೆ ಯಕ್ಷಗಾನದ ಹಿಮ್ಮೇಳವನ್ನು ನೆನಪಿಸಿದೆ. ಕರುಣೆಯ ಪದಕ್ಕೆ ಭಾಗವತರ ಜೊತೆ ಮದ್ದಳೆಯಷ್ಟೇ ನುಡಿಯುತ್ತದೆ, ಚಂಡೆ ಕಾಯುತ್ತದೆ. ಯುದ್ಧ ಬಂದಾಗ ಚಂಡೆಗೇ ರಂಗ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಇಡೀ ರಾತ್ರಿ ಗದ್ದೆಯಲ್ಲಿ ಆಡಿದವರು ಮಿಕ್ಸಿಂಗನ್ನು ಹೀಗೆ ಬಾರಿಸುವ ಹೊತ್ತಿನಲ್ಲೇ ಮಾಡಿ ಮುಗಿಸುತ್ತಿದ್ದರು. ಅವನು ಚರಣಗಳಲ್ಲಿ ಒಂದು ಗಿಟಾರನ್ನು ಪೂರ್ತಿ ನಿಲ್ಲಿಸಿದ. ಇನ್ನೊಂದರಲ್ಲಿ 90 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿ ಬೇಸಿಗೆ ಬಿಟ್ಟುಕೊಟ್ಟ, 2500ರ ಸುತ್ತ ಮೂರು ಡೆಸಿಬಲ್ ತಗ್ಗಿಸಿ ದನಿಗೆ ದಾರಿ ಬಿಟ್ಟ. ದನಿಯ ಗುಂಡಿಯನ್ನು ಏರಿಸುವುದಿರಲಿ, ಒಂದಿಷ್ಟು ಇಳಿಸಬೇಕಾಯಿತು.

ಜೂನ್ ಬಂತು. ಎರವಲು ತಂದಿದ್ದ ಕಂಡೆನ್ಸರ್ ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬದಲ್ಲಿ ಮುಚ್ಚಿಟ್ಟೆವು. ಅದರೊಳಗೆ ಕೆಲವೇ ಮೈಕ್ರಾನ್ ದಪ್ಪದ ಪೊರೆಯೊಂದು ವಿದ್ಯುದಂಶ ಹೊತ್ತು ನಿಂತಿರುತ್ತದೆ. ಮಳೆಗಾಲದ ತೇವ ಕೂತರೆ ಆ ವಿದ್ಯುತ್ತು ಸೋರಿ ಚಟಪಟ ಸದ್ದು ಹುಟ್ಟುತ್ತದೆ. ಡೈನಮಿಕ್ ಮೈಕಿಗೆ ಈ ಕಷ್ಟ ಇಲ್ಲ.

ಹೊಸ ಮಿಕ್ಸನ್ನು ಕೇಳಿಸಲು ಹುಡುಗ ಉಡುಪಿಗೆ ಬಂದ. ಹೋಟೆಲಿನ ಮೂಲೆಯ ಮೇಜು, ಹೊರಗೆ ಧೋ ಮಳೆ, ಕಾರಿಲ್ಲ. ಫೋನಿನಲ್ಲೇ ಹಾಕಿದ. ಅಷ್ಟು ಪುಟ್ಟ ಸ್ಪೀಕರು 55 ಹರ್ಟ್ಜ್ ನುಡಿಸಲಾರದು. ಆದರೆ ಬೇಸ್ ಟ್ರ್ಯಾಕಿಗೆ ಅವನು ಚೂರು ಡಿಸ್ಟಾರ್ಷನ್ ಬೆರೆಸಿ ಮೇಲಿನ ಉಪಸ್ವರಗಳನ್ನು ಎಬ್ಬಿಸಿದ್ದ. 220, 275, 330 ಹೀಗೆ 55ರ ಅಂತರದಲ್ಲಿ ಸಾಲಾಗಿ ಬಂದ ಸ್ವರಗಳನ್ನು ಕೇಳಿದರೆ ಮೆದುಳು ಇಲ್ಲದ 55ನ್ನು ತಾನೇ ಕೂಡಿಸಿಕೊಳ್ಳುತ್ತದೆ. ಗೋಳಿಬಜೆಯ ತಟ್ಟೆಗೆ ಫೋನನ್ನು ಒರಗಿಸಿಟ್ಟು ನಾವಿಬ್ಬರೂ ಬಾಗಿ ಕೇಳಿದೆವು. ಬೇಸ್ ಅಲ್ಲಿತ್ತು, ತನ್ನ ಜಾಗದಲ್ಲಿ. ಹಾಡಿನ ಮಾತೂ ಒಂದೊಂದಾಗಿ ಕೇಳಿಸುತ್ತಿತ್ತು. ಚಂಡೆ ಬರುವ ಹೊತ್ತಿಗೆ ಮಾಣಿಯೂ ಬಂದು ನಮ್ಮ ಮೇಜಿನ ಬಳಿ ನಿಂತಿದ್ದ.