ತುಳುನಾಡಿನ ಬಿಡುವಿನ ಪಂಚಾಂಗ

ಪಂಚಾಂಗ ವಸಂತದಿಂದ ಶಿಶಿರದವರೆಗೆ ಆರು ಋತುಗಳನ್ನು ಎಣಿಸುತ್ತದೆ. ಆದರೆ ಮೈ ನಡುಗಿಸುವ ಹೇಮಂತ ಮಂಗಳೂರಿನ ಮಟ್ಟಿಗೆ ಹೆಸರಿಗಷ್ಟೆ. ಇಲ್ಲಿ ವರ್ಷವನ್ನು ಆಳುವುದು ಮಳೆ. ವರ್ಷದ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಈ ಮಳೆಗೆ ಹೊಂದಿಕೊಂಡ ತುಳುವರ ಸೌರ ವರ್ಷದಲ್ಲಿ ದುಡಿಮೆಯಷ್ಟೇ ಬಿಡುವಿಗೂ ದಿನ ಗೊತ್ತುಮಾಡಲಾಗಿದೆ.

ಏಪ್ರಿಲ್ ನಡುವಿನಲ್ಲಿ, ಪಗ್ಗು ತಿಂಗಳ ಮೊದಲ ದಿನ, ಬಿಸು ಹಬ್ಬದೊಂದಿಗೆ ಹೊಸ ವರ್ಷ ತೊಡಗುತ್ತದೆ. ಮುಂದಿನ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಲ್ಲಿಗೆ ಭೂತಕೋಲ, ಜಾತ್ರೆಗಳಿಗೆ ತೆರೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿಯುವ ಮುನ್ನ ಊರಿಗೆ ಊರೇ ಗದ್ದೆಗೆ ಇಳಿಯಬೇಕಲ್ಲ! ಕಡಲಿಗೂ ಬಿಡುವುಂಟು. ಮೀನು ಮರಿ ಮಾಡುವ ಈ ಕಾಲದಲ್ಲಿ, ಜೂನ್ 1ರಿಂದ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ಸರಕಾರವೇ ನಿಷೇಧಿಸಿದೆ.

ಜುಲೈ ನಡುವಿನಿಂದ ಒಂದು ತಿಂಗಳು ಆಟಿ. ಹಳೆಯ ಭತ್ತ ಮುಗಿದು ಹೊಸ ಪೈರು ಇನ್ನೂ ಗದ್ದೆಯಲ್ಲೇ ಇರುವ ಹಸಿವಿನ ತಿಂಗಳಿದು. ಆಟಿಯಲ್ಲಿ ಮದುವೆಗಳಿಲ್ಲ. ತಜಂಕಿನ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಗಳೇ ಬಡವರ ಆಧಾರ. ತೆಂಗಿನ ಎಳೆಗರಿಯುಟ್ಟು, ಓಲೆಕೊಡೆ ಹಿಡಿದು ಬರುವ ಆಟಿ ಕಳೆಂಜ ಮನೆಗಳ ರೋಗರುಜಿನ ಕಳೆಯುವನೆಂಬ ನಂಬಿಕೆ. ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುನ್ನ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದಲೇ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ.

ಆಮೇಲಿನದು ಸೋಣ. ಸಪ್ಟೆಂಬರ್ 8ರಂದು ಮಂಗಳೂರಿನ ಕ್ರೈಸ್ತರು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಹಿಂದೂಗಳೂ ತೆನೆ ಕಟ್ಟಿ ಹೊಸಅಕ್ಕಿ ಊಟ ಮಾಡುತ್ತಾರೆ. ಹಸಿವು ಕಳೆದ ಸಂತೋಷಕ್ಕೆ ಮತಭೇದವಿಲ್ಲ. ಫೆಬ್ರವರಿಯ ಕೆಡ್ಡಸದಲ್ಲಿ ಬಿಡುವು ಭೂಮಿಯದೇ. ಭೂಮಿತಾಯಿ ಋತುಮತಿಯಾದಳೆಂದು ಮೂರು ದಿನ ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ.

ನಗರದ ಸುತ್ತಲಿನ ಗದ್ದೆಗಳಲ್ಲಿ ಎಷ್ಟೋ ಇಂದು ಮನೆ ನಿವೇಶನಗಳಾಗಿವೆ. ಆದರೂ ಆಟಿ ಮರೆಯಾಗಿಲ್ಲ. 'ಆಟಿಡೊಂಜಿ ದಿನ' ಎಂಬ ಕೂಟಗಳು ಸಭಾಭವನಗಳಲ್ಲಿ ನಡೆಯುತ್ತವೆ. ಅಂದಿನ ಬಡವರ ಸೊಪ್ಪು ಇಂದು ಅಲ್ಲಿನ ವಿಶೇಷ ಭಕ್ಷ್ಯ. ಹೊಸ ತಲೆಮಾರಿಗೆ ಆ ರುಚಿ ತಿಳಿಯುವುದು ಒಳ್ಳೆಯದೇ. ಆದರೆ ರುಚಿಯ ಜೊತೆಗೆ ತಿಳಿವಳಿಕೆಯೂ ದಾಟಬೇಕು. ಹಾಲೆಯ ಗುರುತಿಲ್ಲದೆ ಕಾಸರಕದ ತೊಗಟೆ ತಂದರೆ ಅದು ಮದ್ದಲ್ಲ, ವಿಷ. ಹಿಂದಿನವರಿಗೆ ಋತುಗಳ ಮೇಲಿದ್ದ ಪ್ರೀತಿ ಹಬ್ಬದ ಎಲೆಗಷ್ಟೇ ಸೀಮಿತವಾಗಿರಲಿಲ್ಲ. ಮರವನ್ನು ಗುರುತಿಸುವ ಕಣ್ಣೂ, ನೆಲಕ್ಕೆ ಬಿಡುವು ಕೊಡುವ ಮನಸ್ಸೂ ಅದರೊಳಗೇ ಇದ್ದವು.