ಹದ ನೋಡಿ ನೇಗಿಲು ಇಳಿಸಿ: ಟ್ರ್ಯಾಕ್ಟರ್ ಉಳುಮೆಗೆ ಹೊಸಬರಾದವರಿಗೆ



ನಮ್ಮ ಗಡಿ ಊರುಗಳಲ್ಲಿ ಎತ್ತು ಕಟ್ಟಿದ ಮನೆಗಳು ಕಡಿಮೆಯಾಗಿವೆ. ಅಕ್ಕಲಕೋಟೆ, ಜತ್ತ ಕಡೆಯ ಎರೆಹೊಲವಿರಲಿ, ಮಡಕಶಿರಾ ಕಡೆಯ ಕೆಂಪು ಮಸಾರಿ ಹೊಲವಿರಲಿ, ಉಳುಮೆಗೆ ಈಗ ಬರುವುದು ಟ್ರ್ಯಾಕ್ಟರು. ಕೆಲವರು ಸ್ವಂತದ್ದು ಇಟ್ಟುಕೊಂಡಿದ್ದಾರೆ. ಬಹಳ ಮಂದಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಯುತ್ತಾರೆ. ಹೊಸದಾಗಿ ಸ್ಟೀರಿಂಗ್ ಹಿಡಿದ ಮನೆಯ ಹುಡುಗನಿಗೂ, ಬದುವಿನ ಮೇಲೆ ನಿಂತು ಬಾಡಿಗೆ ಟ್ರ್ಯಾಕ್ಟರಿನ ಕೆಲಸ ನೋಡುವ ಯಜಮಾನನಿಗೂ ಇಂದಿನ ಮಾತು ಉಪಯೋಗಕ್ಕೆ ಬರಲಿ ಎಂಬುದು ನಮ್ಮ ಆಸೆ.

ಮೊದಲು ಒಂದು ವಿಚಾರ ತಿಳಿದುಕೊಳ್ಳೋಣ. ಎತ್ತಿನ ಬೇಸಾಯಕ್ಕೆ ಅದರದೇ ಒಂದು ಕಟ್ಟು ಇತ್ತು. ನೆಲ ಹಸಿಯಾಗಿದ್ದರೆ ಎತ್ತಿನ ಕಾಲು ಹೂತು ಅದು ನಿಂತುಬಿಡುತ್ತಿತ್ತು. ನೆಲ ಕಲ್ಲಿನಂತೆ ಒಣಗಿದ್ದರೆ ನೇಗಿಲು ಇಳಿಯುತ್ತಿರಲಿಲ್ಲ. ಹೀಗೆ ತಪ್ಪು ಹೊತ್ತಿನಲ್ಲಿ ಉಳಲು ಎತ್ತೇ ಬಿಡುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಆ ತಡೆ ಇಲ್ಲ. ಹಸಿ ಇದ್ದರೂ ಎಳೆಯುತ್ತದೆ, ಒಣಗಿದ್ದರೂ ಕೀಳುತ್ತದೆ, ಇಳಿಜಾರಿನ ಗುಂಟವೂ ಓಡುತ್ತದೆ. ಬಲ ಯಂತ್ರದ್ದು, ವಿವೇಕ ಮಾತ್ರ ನಮ್ಮದೇ ಆಗಬೇಕು. ಹದ, ಇಳಿಜಾರು, ಆಳ, ಈ ಮೂರನ್ನು ನೋಡಿಕೊಂಡ ಮೇಲೆಯೇ ನೇಗಿಲು ಇಳಿಸಬೇಕು.

ಹದವನ್ನೇ ಮೊದಲು ನೋಡೋಣ. ಕನ್ನಡದ ಹದ, ತೆಲುಗಿನ ಪದುನು, ತಮಿಳಿನ ಪದಂ ಒಂದೇ ಬುಡದ ಮಾತುಗಳು. ಮರಾಠಿಯಲ್ಲಿ ಇದಕ್ಕೆ ವಾಫಸಾ ಎನ್ನುತ್ತಾರೆ. ಮಾತು ಯಾವುದಾದರೂ ಪರೀಕ್ಷೆ ಒಂದೇ. ಮೇಲಿನ ಮಣ್ಣು ನೋಡಿ ತೀರ್ಮಾನಿಸಬೇಡಿ. ಗುದ್ದಲಿಯಿಂದ ಒಂದು ಗೇಣು ಅಗೆದು, ಉಳುವ ಆಳದ ಮಣ್ಣನ್ನು ಹಿಡಿಯಷ್ಟು ತೆಗೆದುಕೊಂಡು ಉಂಡೆ ಕಟ್ಟಿ. ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಉಂಡೆ ಬಿದ್ದು ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿಕೊಂಡರೆ, ಅಥವಾ ಅಂಗೈಯಲ್ಲಿ ಹೊಸೆದಾಗ ಉದ್ದನೆಯ ದಾರದಂತೆ ಬಂದರೆ, ಇನ್ನೂ ಹಸಿ ಇದೆ, ಕಾಯಬೇಕು. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ.

ಎರೆಮಣ್ಣಿನಲ್ಲಿ ಈ ಹದದ ದಿನಗಳು ಕಡಿಮೆ. ಅದರಲ್ಲಿ ಇರುವುದು ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗಿ ಬಿರಿಯುವ ಜೇಡಿ. ಹಸಿಯಲ್ಲಿ ಉತ್ತರೆ ಗುಳ ಉಜ್ಜಿದ ಕಡೆ ಮಣ್ಣು ಮೇಣದಂತೆ ಹೊಳೆಯುತ್ತದೆ, ಟೈರಿನ ಭಾರಕ್ಕೆ ಕೆಳಮಣ್ಣು ಬಿಗಿಯಾಗುತ್ತದೆ. ಆ ಮಣ್ಣು ಒಣಗಿದಾಗ ಏಳುವ ಹೆಂಟೆಗಳು ಕುಂಟೆಗೂ ಬಗ್ಗುವುದಿಲ್ಲ. ಸುಗ್ಗಿ ಮುಗಿದ ಕೂಡಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ ಮಾಗಿ ಉಳುಮೆ ಮಾಡಿದರೆ ಎಂಜಿನ್ನಿಗೆ ಶ್ರಮ ಕಡಿಮೆ, ಡೀಸೆಲ್ ಉಳಿತಾಯ. ಮೇಲೆ ಬಂದ ಹೆಂಟೆಗಳು ಬೇಸಗೆಯ ಬಿಸಿಲಿಗೆ ಬಿರಿದು, ಮೊದಲ ಮಳೆಗೆ ತಾವಾಗಿ ಅರಳುತ್ತವೆ. ಮಣ್ಣಿನಲ್ಲಿ ಅಡಗಿದ ಹುಳುಗಳ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ.

ಎರಡನೆಯದು ಇಳಿಜಾರು. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಉಳುಮೆಯ ಸಾಲು ಇಳಿಜಾರಿಗೆ ಅಡ್ಡಲಾಗಿದ್ದರೆ ಪ್ರತಿ ಸಾಲೂ ಒಂದು ಪುಟ್ಟ ಒಡ್ಡಾಗಿ ನೀರನ್ನು ತಡೆದು ಇಂಗಿಸುತ್ತದೆ. ಸಾಲು ಇಳಿಜಾರಿನ ಗುಂಟ ಹೋದರೆ ಪ್ರತಿ ಸಾಲೂ ಒಂದು ಕಾಲುವೆಯಾಗಿ ನೀರಿನ ಜೊತೆ ಮೇಲ್ಮಣ್ಣನ್ನೂ ಹಳ್ಳಕ್ಕೆ ಸೇರಿಸುತ್ತದೆ. ಹೊಲದ ಮೇಲಿನಿಂದ ಒಂದೇ ಮಿಲಿಮೀಟರ್ ದಪ್ಪ ಮಣ್ಣು ಹೋದರೂ ಎಕರೆಗೆ 5 ಟನ್ ಮಣ್ಣು ಹೋದಂತೆ. ನಾವು ಹೇರಿ ಹಾಕಿದ ಕೊಟ್ಟಿಗೆ ಗೊಬ್ಬರವೆಲ್ಲ ಇರುವುದು ಆ ಮೇಲ್ಮಣ್ಣಿನಲ್ಲಿಯೇ.

1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು ಮತ್ತು ಬಳ್ಳಾರಿ ಬಳಿಯ ಹಗರಿ ಕೇಂದ್ರಗಳಲ್ಲಿ ಒಣ ಬೇಸಾಯದ ಸಂಶೋಧನೆ ನಡೆಯಿತು. ಅಂದಿನ ಮುಂಬಯಿ ಪ್ರಾಂತದ ಒಣ ಬೇಸಾಯ ಪದ್ಧತಿ ಎಂದು ಹೆಸರಾದ ಕ್ರಮದಲ್ಲಿ ಸಮಪಾತಳಿ ಒಡ್ಡು ಹಾಕುವುದೂ, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳುವುದೂ ಸೇರಿದ್ದವು. ಎರಡರ ಉದ್ದೇಶವೂ ಒಂದೇ, ಬಿದ್ದ ಮಳೆ ಹೊಲದಲ್ಲೇ ನಿಲ್ಲಬೇಕು. ಹಿಂಗಾರಿ ಬಿಳಿಜೋಳ ಬೆಳೆಯುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಆ ಬೆಳೆ ಬಹುಪಾಲು ನೆಲ ಹಿಡಿದಿಟ್ಟ ತೇವದ ಮೇಲೆಯೇ ಬರುತ್ತದೆ.

ಆದರೆ ಬಾಡಿಗೆ ಟ್ರ್ಯಾಕ್ಟರಿನ ಚಾಲಕ ಹೊಲದ ಉದ್ದ ನೋಡುತ್ತಾನೆ, ಇಳಿಜಾರು ನೋಡುವುದಿಲ್ಲ. ಉದ್ದ ಸಾಲು ಹೊಡೆದರೆ ತಿರುವು ಕಡಿಮೆ, ಕೆಲಸ ಬೇಗ. ಅದು ಅವನ ತಪ್ಪಲ್ಲ. ಹೇಳಬೇಕಾದವರು ನಾವು. ಅವನಿಗೆ ತಿಳಿಯುವ ಭಾಷೆಯಲ್ಲೇ ಹೇಳಿ. ಮರಾಠಿಯವನಿಗೆ ‘ಉತಾರಾಲಾ ಆಡವೀ ನಾಂಗರಟ್ ಕರಾ’ ಎನ್ನಿ. ತೆಲುಗಿನವನಿಗೆ ‘ವಾಲುಕು ಅಡ್ಡಂಗಾ ದುನ್ನಾಲಿ’ ಎನ್ನಿ. ಇಳಿಜಾರಿಗೆ ಅಡ್ಡ ಉಳುವಾಗ ತಿರುವು ಹೆಚ್ಚಾಗಿ ಸ್ವಲ್ಪ ಹೊತ್ತು ಹೆಚ್ಚು ಹಿಡಿಯಬಹುದು. ಆ ಹಣ ಮಣ್ಣು ಉಳಿಸಿಕೊಳ್ಳಲು ಕೊಟ್ಟದ್ದು ಎಂದು ತಿಳಿಯಿರಿ.

ಮೂರನೆಯದು ಆಳ. ಎಲ್ಲ ಹೊಲಕ್ಕೂ ಒಂದೇ ಆಳ ಸಲ್ಲದು. ರೆಕ್ಕೆ ನೇಗಿಲು, ಅಂದರೆ ನಮ್ಮ ಕಡೆ ಪಲ್ಟಿ ಎನ್ನುವುದು, 15ರಿಂದ 25 ಸೆಂಟಿಮೀಟರ್ ಆಳಕ್ಕೆ ಹೋಗಿ ಮಣ್ಣನ್ನು ಹೊರಳಿಸುತ್ತದೆ. ಎರೆ ಆಳವಾಗಿರುವ ಹೊಲಕ್ಕೆ, ಕರಿಕೆ ಹಬ್ಬಿದ ಹೊಲಕ್ಕೆ ಇದು ಸರಿ. ಇದನ್ನು ಪ್ರತಿ ವರ್ಷ ಮಾಡಬೇಕೆಂದಿಲ್ಲ. ನಡುವಿನ ವರ್ಷಗಳಲ್ಲಿ 10ರಿಂದ 15 ಸೆಂಟಿಮೀಟರ್ ಹೋಗುವ ಕಲ್ಟಿವೇಟರ್ ಸಾಕು. ಒಂದು ಗೇಣಿನ ಕೆಳಗೇ ಗರಸು ಇರುವ ಮಸಾರಿ ಹೊಲಗಳಲ್ಲಿ ಆಳ ಉಳುಮೆ ಮಾಡಿದರೆ ಗರಸು ಮೇಲೆ ಬಂದು, ಒಳ್ಳೆಯ ಮಣ್ಣು ಕೆಳಗೆ ಹೋಗುತ್ತದೆ. ಅಲ್ಲಿ ಅಗೆದು ನೋಡಿ, ಮಣ್ಣು ಇರುವಷ್ಟೇ ಆಳ ಇಡಿ. ವರ್ಷ ವರ್ಷವೂ ಒಂದೇ ಆಳಕ್ಕೆ ಉತ್ತರೆ ಅದರ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಹಸಿ ನೆಲದಲ್ಲಿ ಕಬ್ಬಿಣದ ಸರಳು ಚುಚ್ಚಿದಾಗ ಅದು ಸರಾಗವಾಗಿ ಇಳಿದು ಒಮ್ಮೆಲೇ ಬಿಗಿಯಾದರೆ ಆ ಪದರ ಇದೆ ಎಂದು ಅರ್ಥ. ಆಗಾಗ ಆಳ ಬದಲಿಸುತ್ತಿರಿ. ರೋಟಾವೇಟರನ್ನು ಮೇಲಿಂದ ಮೇಲೆ ಹೊಡೆಸಬೇಡಿ. ಮಣ್ಣು ಹಿಟ್ಟಾದರೆ ಮೊದಲ ಮಳೆಗೇ ಮೇಲೆ ಹೆಪ್ಪುಗಟ್ಟುತ್ತದೆ, ತುಂಡಾದ ಕರಿಕೆಯ ಒಂದೊಂದು ಗೆಣ್ಣೂ ಹೊಸ ಗಿಡವಾಗುತ್ತದೆ.

ಇನ್ನು ಯಂತ್ರದ ವಿಷಯ. ಬೆಳಿಗ್ಗೆ ಎಂಜಿನ್ ಆಯಿಲ್, ರೇಡಿಯೇಟರಿನ ನೀರು, ಡೀಸೆಲ್, ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿಕೊಳ್ಳಿ. ನೇಗಿಲನ್ನು ಟ್ರ್ಯಾಕ್ಟರಿಗೆ ಮೂರು ಕಡೆ ಕಟ್ಟುತ್ತೇವೆ, ಕೆಳಗಿನ ಎರಡು ತೋಳು ಮತ್ತು ಮೇಲಿನ ಟಾಪ್ ಲಿಂಕ್. ಮೊದಲು ಎಡಗಡೆಯ ಕೆಳತೋಳು, ಆಮೇಲೆ ಬಲಗಡೆಯದು, ಕೊನೆಗೆ ಟಾಪ್ ಲಿಂಕ್ ಜೋಡಿಸಿದರೆ ಸುಲಭ, ಏಕೆಂದರೆ ಬಲಗಡೆಯ ತೋಳನ್ನು ಏರಿಸಿ ಇಳಿಸಲು ಹಿಡಿಕೆ ಇರುತ್ತದೆ.

ಹೊಲದ ಎರಡೂ ತುದಿಯಲ್ಲಿ ತಿರುಗಲು 6ರಿಂದ 8 ಮೀಟರ್ ಜಾಗ ಬಿಟ್ಟು ಗುರುತು ಹಾಕಿ. ಅದನ್ನು ಕೊನೆಯಲ್ಲಿ ಉಳಬಹುದು. ಎದುರಿನ ತುದಿಯಲ್ಲಿ ಒಂದು ಕೋಲು ನೆಟ್ಟು, ಅದನ್ನೇ ನೋಡುತ್ತ ಮೊದಲ ಸಾಲು ಹೊಡೆಯಿರಿ. ಮುಂದಿನ ಗಾಲಿ ನೋಡುತ್ತ ಓಡಿಸಿದರೆ ಸಾಲು ಹಾವಿನಂತಾಗುತ್ತದೆ. ಒಡ್ಡು ಬಾಗಿರುವ ಹೊಲದಲ್ಲಿ ಸಾಲೂ ಒಡ್ಡಿನ ಜೊತೆಗೇ ಬಾಗಲಿ. ವೇಗ ಗಂಟೆಗೆ 4ರಿಂದ 6 ಕಿಲೋಮೀಟರ್ ಸಾಕು, ಅಂದರೆ ಮನುಷ್ಯನ ಚುರುಕು ನಡಿಗೆಯಷ್ಟು. ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸಬೇಡಿ.

ಇಪ್ಪತ್ತು ಹೆಜ್ಜೆ ಉತ್ತ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೆಳಗಿಳಿದು ಕಡ್ಡಿಯಿಂದ ಆಳ ಅಳೆಯಿರಿ. ಎರಡು ಗುಳದ ನೇಗಿಲಿನಲ್ಲಿ ಮುಂದಿನ ಗುಳ ಹೆಚ್ಚು ಆಳ ಹೋಗಿದ್ದರೆ ಟಾಪ್ ಲಿಂಕನ್ನು ಸ್ವಲ್ಪ ಉದ್ದ ಮಾಡಿ. ಹಿಂದಿನದು ಆಳವಾಗಿದ್ದರೆ ಗಿಡ್ಡ ಮಾಡಿ. ಎರಡನೆಯ ಸಾಲಿನಿಂದ ಬಲಗಡೆಯ ಗಾಲಿಗಳು ಉತ್ತ ಸಾಲಿನಲ್ಲಿ ಇಳಿದು ಟ್ರ್ಯಾಕ್ಟರು ಬಲಕ್ಕೆ ವಾಲುತ್ತದೆ. ಆಗ ಬಲಗಡೆಯ ತೋಳನ್ನು ಹಿಡಿಕೆ ತಿರುಗಿಸಿ ಮೇಲೆತ್ತಿ, ನೇಗಿಲನ್ನು ನೆಲಕ್ಕೆ ಸಮ ಮಾಡಿಕೊಳ್ಳಿ.

ಸಾದಾ ರೆಕ್ಕೆ ನೇಗಿಲು ಯಾವಾಗಲೂ ಮಣ್ಣನ್ನು ಬಲಕ್ಕೇ ಹಾಕುತ್ತದೆ. ನಡುವಿನಿಂದ ಶುರುಮಾಡಿ ಬಲಕ್ಕೆ ತಿರುಗುತ್ತ ಹೊರಗೆ ಬಂದರೆ ಮಣ್ಣು ನಡುವೆ ಕೂಡುತ್ತದೆ. ಅಂಚಿನಿಂದ ಶುರುಮಾಡಿ ಎಡಕ್ಕೆ ತಿರುಗುತ್ತ ಒಳಗೆ ಹೋದರೆ ನಡುವೆ ತಗ್ಗು ಉಳಿಯುತ್ತದೆ. ಒಂದು ಸಲ ಹಾಗೆ, ಮುಂದಿನ ಸಲ ಹೀಗೆ ಉಳಬೇಕು, ಇಲ್ಲದಿದ್ದರೆ ಹೊಲದ ಮಟ್ಟ ಕೆಡುತ್ತದೆ. ಹಿಂದೆ ಮುಂದೆ ಪಲ್ಟಿ ಹೊಡೆಯುವ ರಿವರ್ಸಿಬಲ್ ನೇಗಿಲಿಗೆ ಈ ತೊಡಕಿಲ್ಲ. ಹೋದ ಸಾಲಿನ ಪಕ್ಕದಲ್ಲೇ ತಿರುಗಿ ಬರಬಹುದು. ಸಣ್ಣ ಇಳಿಜಾರಿನಲ್ಲಿ ಎರಡೂ ಸಲ ಮಣ್ಣನ್ನು ಮೇಲುಗಡೆಗೇ ಹೊರಳಿಸಬಹುದು.

ಹಿಂದಿನ ಗಾಲಿ ಎಷ್ಟು ಜಾರುತ್ತಿದೆ ಎಂದು ನೋಡಲು ಟೈರಿಗೆ ಸುಣ್ಣದ ಗುರುತು ಹಾಕಿ. ನೇಗಿಲು ಎತ್ತಿ ಓಡಿಸಿದಾಗ ಹತ್ತು ಸುತ್ತಿಗೆ 40 ಮೀಟರ್ ಹೋಯಿತೆನ್ನಿ. ನೇಗಿಲು ಇಳಿಸಿದಾಗ ಅದೇ ಹತ್ತು ಸುತ್ತಿಗೆ 34 ಮೀಟರಿಗಿಂತ ಕಡಿಮೆ ಹೋದರೆ, ಡೀಸೆಲ್ಲೂ ಟೈರೂ ಸುಮ್ಮನೆ ಸವೆಯುತ್ತಿವೆ ಎಂದರ್ಥ. ಆಳ ಕಡಿಮೆ ಮಾಡಿ.

ಬಾಡಿಗೆಯ ಲೆಕ್ಕವನ್ನೂ ನಾವೇ ಹಾಕಬಹುದು. ಎರಡು ಗುಳದ ನೇಗಿಲು 60 ಸೆಂಟಿಮೀಟರ್ ಅಗಲ ಉಳುತ್ತದೆ ಎನ್ನೋಣ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ 2,400 ಚದರ ಮೀಟರ್. ತಿರುವಿಗೆ ಕಾಲು ಭಾಗ ಕಳೆದರೆ 1,800. ಒಂದು ಎಕರೆ, ಅಂದರೆ 40 ಗುಂಟೆ ಅಥವಾ 100 ಸೆಂಟು, ಸುಮಾರು 4,047 ಚದರ ಮೀಟರ್. ಅದಕ್ಕೆ ಎರಡೂಕಾಲು ಗಂಟೆ ಬೇಕು. ಯಾರಾದರೂ ಇದೇ ನೇಗಿಲಿನಲ್ಲಿ ಒಂದೇ ಗಂಟೆಯಲ್ಲಿ ಎಕರೆ ಮುಗಿಸಿದರೆ, ಆಳ ಅಳೆದು ನೋಡಿದ ಮೇಲೆಯೇ ಹಣ ಎಣಿಸಿ.

ಕೊನೆಯದಾಗಿ ಜೀವದ ಮಾತು. ತಿರುಗುವಾಗ ನೇಗಿಲು ಪೂರ್ತಿ ಎತ್ತಿಕೊಳ್ಳಿ. ಬ್ರೇಕಿನ ಎರಡು ಪೆಡಲುಗಳನ್ನು ಹೊಲದಲ್ಲಿ ಬಿಡಿಸಿಕೊಂಡಿದ್ದರೆ, ರಸ್ತೆಗೆ ಬರುವ ಮೊದಲು ಎರಡನ್ನೂ ಕೂಡಿಸಿ ಕೊಂಡಿ ಹಾಕಿ. ಒಂದೇ ಬ್ರೇಕು ಹಿಡಿದರೆ ಟ್ರ್ಯಾಕ್ಟರು ಮಗುಚುತ್ತದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನಾಗಲಿ ದೊಡ್ಡವರನ್ನಾಗಲಿ ಕೂರಿಸಬೇಡಿ. ಗಾಲಿ ಹೂತುಕೊಂಡರೆ ಅದಕ್ಕೆ ಕಲ್ಲು, ಮರದ ತುಂಡು ಕೊಟ್ಟು ಮುಂದಕ್ಕೆ ಎಳೆಸಬೇಡಿ. ಗಾಲಿ ತಿರುಗದೆ ನಿಂತಾಗ ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ನೇಗಿಲು ಎತ್ತಿ ನಿಧಾನವಾಗಿ ಹಿಂದಕ್ಕೆ ತೆಗೆಯಿರಿ. ಬೇರೆ ಗಾಡಿಯಿಂದ ಎಳೆಸುವುದಾದರೆ ಸರಪಳಿಯನ್ನು ಎಳೆಯುವ ಗಾಡಿಯ ಕೆಳಗಿನ ಕೊಕ್ಕೆಗೇ ಕಟ್ಟಬೇಕು, ಟಾಪ್ ಲಿಂಕಿಗಲ್ಲ. ಕಟ್ಟೆ ಇಲ್ಲದ ಬಾವಿಯ ಸುತ್ತ ಮೊದಲೇ ಗೂಟ ನೆಟ್ಟು ಗುರುತು ಮಾಡಿ. ನೇಗಿಲಿಗೆ ಸಿಕ್ಕ ಕಸ ತೆಗೆಯಬೇಕಾದರೆ ನೇಗಿಲು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಆಮೇಲೆ ಕೈ ಹಾಕಿ. 18 ವರ್ಷ ತುಂಬದ, ಪರವಾನಗಿ ಇಲ್ಲದ ಹುಡುಗರ ಕೈಗೆ ಕೀಲಿ ಕೊಡಬೇಡಿ.

ರೈತ ಬಾಂಧವರೇ, ಹರಿದು ಹೋದ ಮೇಲ್ಮಣ್ಣನ್ನು ಯಾವ ಯಂತ್ರವೂ ಹಳ್ಳದಿಂದ ತಿರುಗಿ ತಂದು ಹೊಲಕ್ಕೆ ಹರಡಲಾರದು. ಈ ಸಲ ಟ್ರ್ಯಾಕ್ಟರು ಹೊಲಕ್ಕೆ ಬರುವ ಹಿಂದಿನ ದಿನ ಗುದ್ದಲಿ ಹಿಡಿದು ಹೋಗಿ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿ, ನೀರು ಯಾವ ಕಡೆ ಇಳಿಯುತ್ತದೆ ಎಂದು ಗುರುತಿಸಿಕೊಳ್ಳಿ. ನೇಗಿಲು ಯಾವಾಗ, ಯಾವ ಕಡೆಗೆ, ಎಷ್ಟು ಆಳ ಹೋಗಬೇಕು ಎಂಬುದನ್ನು ಹೊಲವೇ ಹೇಳುತ್ತದೆ.