ಕೆಂಪು ಲಾಂದ್ರಕ್ಕಾಗಿ ಪೈಪೋಟಿ

ನಿಧಾನ ಸೈಕಲ್ ಸ್ಪರ್ಧೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸ್ಕೂಲ್ ಡೇ ಇರಲಿ, ರಾಜ್ಯೋತ್ಸವ ಇರಲಿ, ಗಣೇಶನ ಹಬ್ಬ ಇರಲಿ, ಗೋಣಿಚೀಲದ ಓಟ, ಚಮಚ-ನಿಂಬೆಹಣ್ಣಿನ ಓಟಗಳ ಜೊತೆಗೆ ಅದೂ ಒಂದು ಇದ್ದೇ ಇರುತ್ತೆ. ಸುಣ್ಣದ ಗೆರೆ ಎಳೆದ ಮೈದಾನ. ಕಾಲು ನೆಲಕ್ಕೆ ತಾಗಬಾರದು, ಪಕ್ಕದವನ ಪಟ್ಟಿಗೆ ನುಗ್ಗಬಾರದು. ಎಲ್ಲರಿಗಿಂತ ಕೊನೆಗೆ ಬಂದವನಿಗೆ ಮೊದಲನೇ ಬಹುಮಾನ, ಅಂದರೆ ಒಂದು ಸ್ಟೀಲ್ ಲೋಟವೋ ಸೋಪಿನ ಡಬ್ಬಿಯೋ.

ಆದರೆ ಅದು ನಿಯಮವೇ ಹಾಗಿರುವ ಆಟ. ಮುಂದೆ ಬಂದವನೇ ಗೆಲ್ಲುವ ರೇಸಿನಲ್ಲಿ, ಅದೂ ಹೊಟ್ಟೆಪಾಡಿಗಾಗಿ ಸೈಕಲ್ ತುಳಿಯುವ ವೃತ್ತಿಪರರ ರೇಸಿನಲ್ಲಿ, 'ಕೊನೇ ಸ್ಥಾನ ನನಗೆ, ನನಗೆ' ಅಂತ ಇಬ್ಬರು ಕಿತ್ತಾಡಿದ್ದು ಉಂಟೆ? ಉಂಟು. ಒಂದು ಸಲ ಅಲ್ಲ, ಹಲವು ಸಲ. ಕೇಳಿದರೆ ನಗು ಬರುತ್ತೆ. ನಕ್ಕು ಮುಗಿದ ಮೇಲೆ ಸ್ವಲ್ಪ ಯೋಚನೆಯೂ ಬರುತ್ತೆ. ಅದಕ್ಕೇ ಈ ಲೇಖನ.

ಸೈಕಲ್ ರೇಸುಗಳಲ್ಲಿ ಬಹಳ ದೊಡ್ಡದು ಫ್ರಾನ್ಸಿನ 'ಟೂರ್ ದ ಫ್ರಾನ್ಸ್'. ಒಂದು ಪತ್ರಿಕೆಯವರು ತಮ್ಮ ಮಾರಾಟ ಹೆಚ್ಚಿಸಿಕೊಳ್ಳಲು 1903ರಲ್ಲಿ ಶುರು ಮಾಡಿದ್ದು. ಆ ವರ್ಷ ಹೊರಟವರು 60 ಮಂದಿ, ಮುಟ್ಟಿದವರು 21. ಮೊದಲನೆಯವನು ಮೋರಿಸ್ ಗಾರ್ಯಾಂ. ಇಪ್ಪತ್ತೊಂದನೆಯವನು ಆರ್ಸೆನ್ ಮಿಯೋಶೋ. ಇಬ್ಬರ ನಡುವೆ ಅಂತರ ಹೆಚ್ಚು ಕಡಿಮೆ 65 ಗಂಟೆ! ಈಗ ಈ ರೇಸು ಸುಮಾರು ಮೂರು ವಾರ ನಡೆಯುತ್ತದೆ, ಒಟ್ಟು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ದಿನಕ್ಕೊಂದು ಹಂತ. ಎಲ್ಲ ಹಂತಗಳ ಸಮಯ ಕೂಡಿಸಿ ಯಾರದು ಕಡಿಮೆಯೋ ಅವನೇ ವಿಜೇತ. ಯಾರದು ಎಲ್ಲರಿಗಿಂತ ಹೆಚ್ಚೋ ಅವನಿಗೆ ಫ್ರೆಂಚರು ಇಟ್ಟ ಹೆಸರು 'ಲಾಂತೆರ್ನ್ ರೂಜ್'. ಅಂದರೆ ಕೆಂಪು ಲಾಂದ್ರ.

ಈ ಹೆಸರು ಬಂದದ್ದು ರೈಲಿನಿಂದ. ತ್ರಿಪ್ಲಿಕೇನಿನ ರೂಮು ಬಿಟ್ಟು ರಜಕ್ಕೆ ಊರಿಗೆ ಹೊರಡುವ ನಮಗೆ ಸೆಂಟ್ರಲ್ ಸ್ಟೇಷನ್ ಹೊಸದಲ್ಲ. ರಾತ್ರಿ ಬೆಂಗಳೂರು ಮೈಲ್ ತಪ್ಪಿಸಿಕೊಂಡವನಿಗೆ ಪ್ಲಾಟ್‌ಫಾರಂ ಮೇಲೆ ನಿಂತು ನೋಡಲು ಉಳಿಯುವುದು ಒಂದೇ, ಕೊನೇ ಬೋಗಿಯ ಹಿಂದಿನ ಕೆಂಪು ದೀಪ. ರೈಲಿಗೆ ಅದು ಬರೀ ಅಲಂಕಾರ ಅಲ್ಲ. ರೈಲು ದಾಟಿ ಹೋಗುವಾಗ ಆ ದೀಪ ಕಂಡರೆ ಸ್ಟೇಷನ್ನಿನವರಿಗೆ ಸಮಾಧಾನ: ಬೋಗಿ ಯಾವುದೂ ಕಳಚಿ ಹಿಂದೆ ಉಳಿದಿಲ್ಲ, ರೈಲು ಇಡಿಯಾಗಿ ಬಂದಿದೆ ಅಂತ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಇಟಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ರೇಸು 'ಜಿರೋ ದಿತಾಲಿಯ', 1909ರಲ್ಲಿ ಹುಟ್ಟಿದ್ದು. ಅಲ್ಲಿ ಮುಂದಿರುವವನಿಗೆ ಗುಲಾಬಿ ಬಣ್ಣದ ಅಂಗಿ. 1946ರಿಂದ 1951ರವರೆಗೆ ಕೊನೆಯವನಿಗೂ ಒಂದು ಅಂಗಿ ಕೊಟ್ಟರು. ಕರೀ ಅಂಗಿ! ಜೊತೆಗೆ ಹಣವೂ ಉಂಟು. ಮಹಾಯುದ್ಧ ಆಗಷ್ಟೇ ಮುಗಿದಿತ್ತು, ದೇಶವೆಲ್ಲ ಬಡತನ. ಕರೀ ಅಂಗಿಯವನನ್ನು ಕಂಡರೆ ಜನಕ್ಕೆ ಏನೋ ಪ್ರೀತಿ, ದಾರಿಯಲ್ಲಿ ನಿಲ್ಲಿಸಿ ತಿನ್ನಲು ಕುಡಿಯಲು ಕೊಡುತ್ತಿದ್ದರು. ಮೂವತ್ತನೆಯವನಾಗಿ ಬಂದರೆ ಏನೂ ಇಲ್ಲ, ಕೊನೆಯವನಾದರೆ ಇಷ್ಟೆಲ್ಲ ಇದೆ. ಲೆಕ್ಕ ಬಲ್ಲವನು ಏನು ಮಾಡಿಯಾನು?

ಲುಯಿಜಿ ಮಲಬ್ರೋಕ್ಕ ಎಂಬಾತ ಲೆಕ್ಕ ಬಲ್ಲವನು. 1946ರಲ್ಲೂ 1947ರಲ್ಲೂ ಅವನೇ ಕೊನೆಯವನು. ಅವನಿಗೆ ಸೈಕಲ್ ಬರುತ್ತಿರಲಿಲ್ಲ ಅಂತ ತಿಳಿಯಬೇಡಿ. ಬೇರೆ ರೇಸುಗಳನ್ನು ಗೆದ್ದವನು. ಮುಂದೆ ಕೆಸರುಗದ್ದೆಯಂಥ ದಾರಿಯಲ್ಲಿ ನಡೆಯುವ ಸೈಕ್ಲೋಕ್ರಾಸಿನಲ್ಲಿ ಇಟಲಿಯ ಚಾಂಪಿಯನ್ ಆದವನು. ಆದರೆ ಜಿರೋದಲ್ಲಿ ಕೊಟ್ಟಿಗೆಯಲ್ಲೋ ಬೇಲಿಯ ಹಿಂದೆಯೋ ಅವಿತು ಕೂತು ಹೊತ್ತು ಕಳೆಯುತ್ತಿದ್ದನಂತೆ. ಒಮ್ಮೆ ಯಾರದೋ ಬಾವಿಯೊಳಗೇ ಇಳಿದು ಕೂತಿದ್ದ, ತೋಟದ ರೈತ ಬಂದು ನೋಡಿ ಬೆಚ್ಚಿಬಿದ್ದ ಅಂತಲೂ ಕಥೆ ಇದೆ.

1949ರಲ್ಲಿ ಅವನಿಗೆ ಸರಿಯಾದ ಪ್ರತಿಸ್ಪರ್ಧಿ ಸಿಕ್ಕಿದ. ಸಾಂತೆ ಕರೊಲ್ಲೊ, ಗಾರೆ ಕೆಲಸದಿಂದ ಬಂದವನು. ಆ ವರ್ಷ ಮುಂದುಗಡೆ ಫೌಸ್ತೊ ಕೊಪ್ಪಿ, ಜಿನೋ ಬಾರ್ತಾಲಿ ಎಂಬ ಇಬ್ಬರು ಮಹಾರಥಿಗಳ ಕಾಳಗ. ಹಿಂದುಗಡೆ ಈ ಇಬ್ಬರದು. ಒಬ್ಬ ನಿಂತರೆ ಇನ್ನೊಬ್ಬನೂ ನಿಲ್ಲುವುದು. ಕೊನೇ ದಿನ ಮಲಬ್ರೋಕ್ಕ ದಾರಿಯಲ್ಲಿ ಸೈಕಲ್ ಇಳಿದು ಸಾವಕಾಶವಾಗಿ ಕಾಲ ಕಳೆದು, ಮೊಂಝಾಕ್ಕೆ ಬಹಳ ತಡವಾಗಿ ತಲುಪಿದ. ಬಂದು ನೋಡಿದರೆ ಗಡಿಯಾರ ಹಿಡಿದವರೇ ಇಲ್ಲ! ಕಾದು ಸಾಕಾಗಿ ಅವರು ಎದ್ದು ಹೋಗಿದ್ದರು. ಅವನಿಗೂ ಗುಂಪಿನ ಸಮಯವನ್ನೇ ಬರೆದುಬಿಟ್ಟಿದ್ದರು. ಹೀಗೆ ಅಷ್ಟು ಕಷ್ಟಪಟ್ಟು ಕಳೆದ ಸಮಯವೆಲ್ಲ ವ್ಯರ್ಥವಾಗಿ, ಕರೀ ಅಂಗಿ ಕರೊಲ್ಲೊ ಪಾಲಾಯಿತು. ಗೆದ್ದ ಕೊಪ್ಪಿಗೂ ಕರೊಲ್ಲೊಗೂ ಹತ್ತಿರಹತ್ತಿರ ಹತ್ತು ಗಂಟೆಯ ಅಂತರ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಸುಮ್ಮನೆ ದಾರಿಬದಿ ಮಲಗಿಬಿಟ್ಟರೆ ಆಯಿತಲ್ಲ, ಕೊನೇ ಸ್ಥಾನಕ್ಕೆ ಇಷ್ಟು ಪಾಡು ಯಾಕೆ? ಅಲ್ಲೇ ಇರುವುದು ಸೂಕ್ಷ್ಮ. ಪ್ರತಿ ಹಂತಕ್ಕೂ ಒಂದು ಗಡುವು ಉಂಟು. ಆ ದಿನ ಗೆದ್ದವನ ಸಮಯದ ಮೇಲೆ ಶೇಕಡಾ ಇಷ್ಟು ಅಂತ. ಅದನ್ನು ದಾಟಿದರೆ ರೇಸಿನಿಂದಲೇ ಔಟ್, ಆಮೇಲೆ ಕೊನೇ ಸ್ಥಾನವೂ ಇಲ್ಲ. ಪರೀಕ್ಷೆಯಲ್ಲಿ ಸರಿಯಾಗಿ 35 ತೆಗೆಯುತ್ತೇನೆ, 36 ಬೇಡ ಅಂತ ಕೂತವನ ಪಾಡು ಊಹಿಸಿ. ಒಂದು ಮಾರ್ಕು ಕೈತಪ್ಪಿದರೆ ನಪಾಸು. ಅದರ ಮೇಲೆ, ಪಾಸಾಗಲು ಎಷ್ಟು ಬೇಕು ಅನ್ನುವುದು ಮೊದಲನೇ ರ‍್ಯಾಂಕಿನವನು ಉತ್ತರ ಬರೆದು ಮುಗಿಸಿದ ಮೇಲೆ ತಾನೆ ಗೊತ್ತಾಗುವುದು!

ಈ ಲೆಕ್ಕದಲ್ಲಿ ಎಡವಿದವನು ಫಿಲಿಪ್ ತೆನಿಯೇರ್. 1978ರ ಟೂರ್‌ನಲ್ಲಿ ಕೆಂಪು ಲಾಂದ್ರ ಅವನದೇ. ಟೂರ್‌ನಲ್ಲಿ ಕೊನೆಯವನಿಗೆ ಅಂಗಿ ಇಲ್ಲ, ಬಹುಮಾನ ಇಲ್ಲ. ಆದರೆ ಟೂರ್ ಮುಗಿದ ಮೇಲೆ ಊರೂರುಗಳಲ್ಲಿ ಸಣ್ಣ ರೇಸುಗಳು ನಡೆಯುತ್ತವೆ, ಹೆಸರು ಮಾಡಿದವರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಜನ ಕೊನೆಯವನನ್ನೂ ನೋಡಬೇಕು ಅನ್ನುತ್ತಾರೆ. 1979ರಲ್ಲಿ ಮತ್ತೆ ಕೊನೆಯಾಗಲು ಹೊರಟ ತೆನಿಯೇರ್‌ಗೆ ಎದುರಾದವನು ಆಸ್ಟ್ರಿಯದ ಗೆರ್‌ಹಾರ್ಡ್ ಶೋನ್‌ಬಾಖರ್. ರೇಸಿನ ಕೊನೇ ದಿನಗಳಲ್ಲಿ ದಿಜೋಂ ಎಂಬ ಊರಲ್ಲಿ ಒಬ್ಬೊಬ್ಬರೇ ಗಡಿಯಾರಕ್ಕೆದುರಾಗಿ ಓಡಿಸುವ ಹಂತ. ಇಬ್ಬರೂ ಆದಷ್ಟು ನಿಧಾನ ತುಳಿದರು. ಆದರೆ ಆ ದಿನ ಗೆದ್ದ ಬೆರ್ನಾರ್ ಇನೊ ಎಂಬಾತ ಭಾರೀ ವೇಗವಾಗಿ ಓಡಿಸಿದ್ದರಿಂದ ಗಡುವೂ ಬಿಗಿಯಾಯಿತು. ಶೋನ್‌ಬಾಖರ್ ಒಳಗೆ ಉಳಿದ. ತೆನಿಯೇರ್ ಸುಮಾರು ಒಂದು ನಿಮಿಷದಿಂದ ಔಟ್! ಮೂರು ವಾರದ ಬೆವರು ಒಂದು ನಿಮಿಷಕ್ಕೆ ನೀರಾಯಿತು. ಶೋನ್‌ಬಾಖರ್ ಪ್ಯಾರಿಸ್ಸಿನಲ್ಲಿ ಗೆರೆ ಮುಟ್ಟುವ ಮುಂಚೆ ಸೈಕಲ್ ನಿಲ್ಲಿಸಿ, ಇಳಿದು, ರಸ್ತೆಗೆ ಮುತ್ತಿಟ್ಟು, ಆಮೇಲೆ ಸಾವಕಾಶವಾಗಿ ಗೆರೆ ದಾಟಿದ.

ಸಂಘಟಕರಿಗೆ ಸಿಟ್ಟು ಬಂತು. ನಮ್ಮ ರೇಸನ್ನು ಗೇಲಿ ಮಾಡುತ್ತಾರೆ ಅಂತ 1980ರಲ್ಲಿ ಹೊಸ ಕಾನೂನು ತಂದರು: ಕೆಲವು ಹಂತಗಳ ನಂತರ ಪಟ್ಟಿಯ ಕೊನೆಯವನನ್ನು ಮನೆಗೆ ಕಳಿಸುವುದು. ಶೋನ್‌ಬಾಖರ್ ಏನು ಮಾಡಿದ? ಆ ದಿನಗಳಲ್ಲಿ ಕೊನೆಯಾಗದಂತೆ ನೋಡಿಕೊಂಡು, ಪ್ಯಾರಿಸ್ಸಿಗೆ ಬರುವ ಹೊತ್ತಿಗೆ ಮತ್ತೆ ಕೊನೆಯವನಾದ! ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು.

ಹಾಗಂತ ಕೊನೇ ಬಂದವರೆಲ್ಲ ಆಟ ಕಟ್ಟಿದವರಲ್ಲ. 1969ರಲ್ಲಿ ಪಿಯೆರ್ ಮತಿನ್ಯೊಂ ಆ ಹೊತ್ತಿಗೆ ಪಟ್ಟಿಯಲ್ಲಿ ಕೊನೆಯವನಾಗಿದ್ದ. ಆದರೂ ಪ್ವಿ ದ ದೋಮ್ ಎಂಬ ಕಡಿದಾದ ಬೆಟ್ಟದ ಹಂತದಲ್ಲಿ, ಆ ವರ್ಷ ಟೂರ್ ಗೆದ್ದ ಎಡ್ಡಿ ಮೆರ್ಕ್ಸ್‌ನನ್ನೇ ಹಿಂದೆ ಹಾಕಿ ಮೊದಲು ತುದಿ ಮುಟ್ಟಿದ. ಬೆಲ್ಜಿಯಂನ ವಿಮ್ ವಾನ್‌ಸೆವೆನಂಟ್ 2006, 2007, 2008, ಮೂರು ವರ್ಷ ಸತತವಾಗಿ ಕೊನೆಯವನು. ಅವನ ಕೆಲಸ ತಂಡದ ನಾಯಕನಿಗೆ ದುಡಿಯುವುದು: ನೀರಿನ ಬಾಟಲಿ ತಂದುಕೊಡುವುದು, ಎದುರುಗಾಳಿಗೆ ತಾನು ಮೈಯೊಡ್ಡಿ ನಾಯಕನನ್ನು ಹಿಂದೆ ಮರೆಯಲ್ಲಿ ಕರೆದೊಯ್ಯುವುದು. ತನ್ನ ಕೆಲಸ ಮುಗಿದ ಮೇಲೆ ಉಳಿದ ಬೆಟ್ಟವನ್ನು ಅವನು ಮೆಲ್ಲಗೆ ಹತ್ತಿದರೆ ಅದು ಸೋಮಾರಿತನವೆ? ನಾಳೆಯ ದುಡಿತಕ್ಕೆ ಕಾಲು ಉಳಿಸಿಕೊಳ್ಳಬೇಡವೆ?

ರೇಸಿನ ಹಿಂದೆ ಒಂದು ಗಾಡಿ ಬರುತ್ತೆ, ಅದಕ್ಕೆ ಪೊರಕೆ ಗಾಡಿ ಅಂತಲೇ ಹೆಸರು. ಕೈಲಾಗದವರು, ಬಿದ್ದು ಗಾಯ ಮಾಡಿಕೊಂಡವರು ಅದನ್ನು ಹತ್ತಿಕೊಳ್ಳುತ್ತಾರೆ. ಕೆಂಪು ಲಾಂದ್ರದವನು ಅದರ ಮುಂದೆ ಇರುವವನು, ಹತ್ತದೇ ಇದ್ದವನು. ಬಿಟ್ಟು ಹೋದವರೆಲ್ಲ ಅವನಿಗಿಂತ ಹಿಂದೆ ಎಂಬುದನ್ನು ನಾವು ಮರೆಯುತ್ತೇವೆ.

ಕರೀ ಅಂಗಿಯ ಕೊನೇ ವಾರಸುದಾರ, 1951ರ ಜೊವಾನ್ನಿ ಪಿನರೆಲ್ಲೊ. ಮರುವರ್ಷ ಅವನ ತಂಡದವರು ನಿನ್ನ ಜಾಗ ಬೇರೆಯವನಿಗೆ ಬಿಟ್ಟುಕೊಡು ಅಂತ ಒಂದು ಲಕ್ಷ ಲಿರಾ ಕೈಗಿಟ್ಟರು. ಆ ದುಡ್ಡಿನಿಂದ ಅವನು ತ್ರೆವಿಸೋದಲ್ಲಿ ಸೈಕಲ್ ಅಂಗಡಿ ಹಾಕಿದ. 1991ರಿಂದ 1995ರವರೆಗೆ ಸತತ ಐದು ಟೂರ್ ಗೆದ್ದ ಮಿಗೆಲ್ ಇಂದುರೈನ್ ಓಡಿಸಿದ್ದು ಪಿನರೆಲ್ಲೊ ಸೈಕಲ್ಲನ್ನೇ.

ನಮ್ಮ ರಿಸಲ್ಟ್ ಪಟ್ಟಿಯಲ್ಲೂ ಜನ ಮೇಲಿನ ಹೆಸರು ನೋಡುತ್ತಾರೆ, ತಮಾಷೆಗೆ ಕೆಳಗಿನದನ್ನೂ ನೋಡುತ್ತಾರೆ. ನೋಡಲಿ, ನಗಲಿ. ಆದರೆ ಸ್ಟೇಷನ್ನಿನವನಂತೆ ನೋಡುವುದನ್ನೂ ಕಲಿಯೋಣ. ಅವನು ಕಾಯುವುದು ಎಂಜಿನ್ನಿಗಲ್ಲ. ಕೊನೆಯ ಕೆಂಪು ದೀಪ ದಾಟಿದ ಮೇಲೆ ತಾನೆ, ಅವನ ಲೆಕ್ಕದಲ್ಲಿ ರೈಲು ಬಂತು ಅಂತ.